ರಕ್ತನಾಳದ ಗೋಡೆಯನ್ನು ಕಾಯುವ ಪ್ರೋಟೀನುಗಳು

ಉದ್ದೇಶ: ಉರಿಯೂತದಲ್ಲಿ ಊತ ಉಂಟಾಗುವ ಕಾರಣವನ್ನು ವಿದ್ಯಾರ್ಥಿಗಳು ವಿವರಿಸುವುದು, ಡೆಂಗಿ ಜ್ವರದ ಅಪಾಯದ ಹಂತವನ್ನು ಗುರುತಿಸುವುದು.

ವಿಷಯ ವಿವರಣೆ: ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದೆ. ಸೂಕ್ಷ್ಮ ರಕ್ತನಾಳಗಳಿಂದ ಒಸರಿದ ದ್ರವವೇ ಈ ಊತಕ್ಕೆ ಕಾರಣ. ಒಸರುವಿಕೆ ಮಿತಿಯಲ್ಲಿದ್ದರೆ ಉಪಕಾರಿ; ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಗಾಯವನ್ನು ತಲುಪಲು ಅದು ನೆರವಾಗುತ್ತದೆ. ಮಿತಿ ಮೀರಿದರೆ ಪ್ರಾಣಾಪಾಯ.

ಸೂಕ್ಷ್ಮ ರಕ್ತನಾಳಗಳ ಒಳಗೋಡೆ ಒಂದೇ ಪದರ ಜೀವಕೋಶಗಳಿಂದಾದುದು. ಪ್ಲಾಸ್ಮಾದಲ್ಲಿರುವ ಆಲ್ಬುಮಿನ್ ಪ್ರೋಟೀನು ನೀರನ್ನು ನಾಳದೊಳಗೆ ಹಿಡಿದಿಡುತ್ತದೆ. ಯಕೃತ್ತು ತಯಾರಿಸುವ ಈ ಪ್ರೋಟೀನು 100 ಮಿಲಿಲೀಟರ್ ಪ್ಲಾಸ್ಮಾದಲ್ಲಿ ಸುಮಾರು 3.5ರಿಂದ 5 ಗ್ರಾಂನಷ್ಟಿರುತ್ತದೆ. ಪ್ರೋಟೀನುಗಳ ಈ ಸೆಳೆತವನ್ನು ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ವಿವರಿಸಿದರು.

ಉರಿಯೂತದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕವೂ ಬ್ರಾಡಿಕೈನಿನ್ ಎಂಬ ಕಿರು ಪ್ರೋಟೀನು ತುಣುಕೂ ಗೋಡೆಯ ಜೀವಕೋಶಗಳ ನಡುವಿನ ಸಂದುಗಳನ್ನು ಅಗಲಿಸುತ್ತವೆ. ಅಗಲಿಸುವವುಗಳಿಗೆ ತಡೆಯೂ ರಕ್ತದಲ್ಲೇ ಇದೆ. ಸಿ1 ಪ್ರತಿಬಂಧಕವೆಂಬ ಪ್ರೋಟೀನು ಬ್ರಾಡಿಕೈನಿನ್ ಉತ್ಪತ್ತಿಗೆ ಕಡಿವಾಣ ಹಾಕುತ್ತದೆ. ಹುಟ್ಟಿನಿಂದಲೇ ಇದರ ಕೊರತೆಯಿರುವವರಿಗೆ ಮುಖ, ಗಂಟಲುಗಳಲ್ಲಿ ಆಗಾಗ ಊತ ಕಾಣಿಸಿಕೊಳ್ಳುತ್ತದೆ. ಆಂಜಿಯೋಪೊಯೆಟಿನ್‌-1 ಗೋಡೆಯನ್ನು ಬಿಗಿಗೊಳಿಸಿದರೆ, ಉರಿಯೂತದಲ್ಲಿ ಹೆಚ್ಚುವ ಆಂಜಿಯೋಪೊಯೆಟಿನ್‌-2 ಅದನ್ನು ಸಡಿಲಿಸುತ್ತದೆ. ಇವೆರಡರ ಸಮತೋಲ ತಪ್ಪಿದಾಗ ಸೋರಿಕೆ ಬೆಳೆಯುತ್ತದೆ.

ಚಟುವಟಿಕೆ: ಹೆಸರುಕಾಳು ಬೆರೆಸಿದ ರವೆಯನ್ನು ಮೊದಲು ಸಣ್ಣ ಕಣ್ಣಿನ ಜರಡಿಯಲ್ಲಿ, ಬಳಿಕ ಕಾಳೂ ಇಳಿಯುವಷ್ಟು ದೊಡ್ಡ ಕಣ್ಣಿನ ಜರಡಿಯಲ್ಲಿ ಜಾಲಿಸಿರಿ. ರವೆ ನೀರಿಗೂ ಕಾಳು ಆಲ್ಬುಮಿನ್‌ಗೂ ಸಂಕೇತ. ಜರಡಿಯ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಕಾಳು ರವೆಯನ್ನು ಸೆಳೆದಿಡುವುದಿಲ್ಲ. ರಕ್ತನಾಳಕ್ಕೂ ಜರಡಿಗೂ ಇರುವ ಈ ಭೇದವನ್ನು ಮಕ್ಕಳಿಂದಲೇ ಹೇಳಿಸಿರಿ.

ಬದುಕಿಗೆ ಅನ್ವಯ: ಡೆಂಗಿಯಲ್ಲಿ ವೈರಾಣುವಿನ ಎನ್‌ಎಸ್‌1 ಪ್ರೋಟೀನು ರಕ್ತದಲ್ಲಿ ಸಂಚರಿಸಿ ನಾಳದ ಗೋಡೆಯನ್ನು ಸಡಿಲಿಸಬಲ್ಲದು. ತೀವ್ರ ಸೋರಿಕೆ ಕಾಣುವುದು ಸಾಮಾನ್ಯವಾಗಿ 3ರಿಂದ 7ನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ. ಆದುದರಿಂದ ಜ್ವರ ಬಿಟ್ಟಿತೆಂದು ಶಾಲೆಗೆ ಮರಳಿದ ಮಗುವನ್ನು ಶಿಕ್ಷಕರು ಗಮನಿಸುತ್ತಿರಬೇಕು. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡಿನ ರಕ್ತಸ್ರಾವ, ಮಂಕು ಅಥವಾ ಚಡಪಡಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು.

ಪ್ರಶ್ನೆಗಳು:
1. ಆಲ್ಬುಮಿನ್ ನಾಳದಿಂದ ಹೊರಬಿದ್ದರೆ ಊತ ಹೆಚ್ಚುವುದೇಕೆ?
2. ಸೋರಿಕೆಯನ್ನು ಸಂಪೂರ್ಣ ನಿಲ್ಲಿಸಿದರೆ ಗಾಯಕ್ಕೆ ಆಗುವ ನಷ್ಟವೇನು?
3. ಡೆಂಗಿಯಲ್ಲಿ ಜ್ವರ ಇಳಿದ ಮೇಲೂ ಎಚ್ಚರ ಏಕೆ ಬೇಕು?