ಬದುಕಿ ಬಂದವರಿಗೆ ವೀರಗಲ್ಲಿಲ್ಲ: ಊರಿನ ಮಾಜಿ ಸೈನಿಕರ ಸೇವೆ ಬರೆದಿಡುವ ಪಾಠ

ಈ ಸಲದ ಪಾಠ ವ್ಯಾಕರಣದ್ದಲ್ಲ, ಛಂದಸ್ಸಿನದ್ದೂ ಅಲ್ಲ. ನಮ್ಮ ಮನೆಯಲ್ಲೋ ಪಕ್ಕದ ಬೀದಿಯಲ್ಲೋ ಇರುವ ಒಬ್ಬ ಮಾಜಿ ಸೈನಿಕರ ಸೇವೆಯನ್ನು ಕನ್ನಡದಲ್ಲಿ ಸರಿಯಾಗಿ ಬರೆದಿಡೋದು ಹೇಗೆ ಅನ್ನೋದು. ಊರು ಯಾವುದಾದರೂ ಆಗಬಹುದಿತ್ತು. ನಾವು ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರನ್ನು ಆರಿಸಿಕೊಂಡಿದ್ದೇವೆ, ಅದಕ್ಕೆ ಕಾರಣ ಇದೆ.

ಇತಿಹಾಸದ ಪುಸ್ತಕದಲ್ಲಿ ಉಮ್ಮತ್ತೂರು ಒಂದೇ ಸಾಲಿನಲ್ಲಿ ಬಂದು ಹೋಗುತ್ತೆ. 1509ರಲ್ಲಿ ಪಟ್ಟಕ್ಕೆ ಬಂದ ವಿಜಯನಗರದ ಕೃಷ್ಣದೇವರಾಯ ಮೊದಮೊದಲು ಮಾಡಿದ ದಂಡಯಾತ್ರೆಗಳಲ್ಲಿ ಉಮ್ಮತ್ತೂರಿನ ಗಂಗರಾಜನ ಮೇಲಿನದ್ದೂ ಒಂದು. ಶಿವನಸಮುದ್ರದ ಕೋಟೆ ಬಿತ್ತು. ಅಷ್ಟೇ. ಆ ಸಾಲಿನಲ್ಲಿ ಇರೋದು ಎರಡು ಹೆಸರು. ಕೋಟೆ ಮೇಲೆ ನಿಂತವರು, ಕಲ್ಲು ಹೊತ್ತವರು, ಕುದುರೆಗೆ ಮೇವು ಹಾಕಿದವರು ಯಾರು ಅಂತ ಆ ಸಾಲನ್ನ ಎಷ್ಟು ಸಲ ಓದಿದರೂ ಗೊತ್ತಾಗಲ್ಲ.

ಹಾಗಂತ ನಮ್ಮವರಿಗೆ ಸಾಮಾನ್ಯ ಸೈನಿಕನ ಹೆಸರು ಬರೆದಿಡೋ ಅಭ್ಯಾಸವೇ ಇರಲಿಲ್ಲ ಅನ್ನೋ ಹಾಗಿಲ್ಲ. ವೀರಗಲ್ಲು ಇನ್ನೇನು ಮತ್ತೆ? ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 4ನೇ ಸಂಪುಟ 1898ರಲ್ಲಿ ಬಂತು. ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆ ಕಡೆಯ ಶಾಸನಗಳು ಅದರಲ್ಲಿವೆ. ಲೈಬ್ರರಿಯಲ್ಲಿ ಸಿಕ್ಕರೆ ಒಮ್ಮೆ ತಿರುವಿ ಹಾಕಿ. ರಾಜರ ಬಿರುದುಗಳನ್ನ ಬಿಟ್ಟು, ಚಿಕ್ಕ ಶಾಸನಗಳನ್ನ ನೋಡಿ. ದನ ಹಿಡಿದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವನು, ಊರು ಹಾಳಾಗುವಾಗ ಕಾದಾಡಿ ಬಿದ್ದವನು, ಹೀಗೆ ವೀರಗಲ್ಲಿನಲ್ಲಿ ಒಬ್ಬ ಮನುಷ್ಯ, ಒಂದು ಕೆಲಸ, ಒಂದು ಊರು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದುಕೊಂಡು ಹೋಗೋದು, ಮೇಲೆ ಕೈಲಾಸ. ಎಷ್ಟೋ ಕಲ್ಲುಗಳಲ್ಲಿ ಅವನ ಮನೆಯವರಿಗೆ ಕೊಟ್ಟ ಭೂಮಿಯ ವಿವರವೂ ಇರುತ್ತೆ. ಆ ಕೊಡುಗೆಗೆ ನೆತ್ತರುಗೊಡಗೆ ಅಂತಲೂ ರಕ್ತಕೊಡಗೆ ಅಂತಲೂ ಹೆಸರು. ಇವತ್ತಿನ ಭಾಷೆಯಲ್ಲಿ ಫ್ಯಾಮಿಲಿ ಪೆನ್ಷನ್. ಅಂದರೆ ಕಲ್ಲು ಬರೀ ನೆನಪಿಗಲ್ಲ, ಹಕ್ಕಿಗೂ ಸಾಕ್ಷಿ. ಈ ಮಾತು ಮುಂದೆ ಮತ್ತೆ ಬರುತ್ತೆ.

ಆದರೆ ವೀರಗಲ್ಲಿಗೆ ಒಂದು ಷರತ್ತಿದೆ: ಸಾಯಬೇಕು. ಬದುಕಿ ವಾಪಸ್ ಬಂದವನಿಗೆ ಕಲ್ಲು ನಿಲ್ಲಿಸಲ್ಲ. ಇದಕ್ಕೆ ನಮಗೆ ಗೊತ್ತಿರೋ ಚೆಂದದ ಅಪವಾದ ಮಂಡ್ಯ ಜಿಲ್ಲೆಯ ಆತಕೂರಿನದು. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದಲ್ಲಿ ಚೋಳರ ವಿರುದ್ಧ ರಾಷ್ಟ್ರಕೂಟ ಕೃಷ್ಣ ಮತ್ತು ಗಂಗ ಬೂತುಗ ಯುದ್ಧ ಮಾಡಿದಾಗ ಬೂತುಗನ ಕಡೆಯ ಮಣಲೇರ ಚೆನ್ನಾಗಿ ಕಾದಾಡಿದ. ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಅರಸನ ಬೇಟೆನಾಯಿ ಕಾಳಿಯನ್ನು. ಆಮೇಲೆ ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು. ಆ ಕಲ್ಲಿನಲ್ಲಿ ಯಜಮಾನನ ಸೇವೆಯ ಕಥೆಯೂ ಸೇರಿಕೊಂಡಿತು. ನಾಯಿ ಸತ್ತಿದ್ದಕ್ಕೆ ಬದುಕಿದ್ದವನ ಸರ್ವೀಸ್ ರೆಕಾರ್ಡ್ ಉಳೀತು ನೋಡಿ!

ಈಗಲೂ ಪರಿಸ್ಥಿತಿ ಅಷ್ಟೇನೂ ಬದಲಾಗಿಲ್ಲ. ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕದಲ್ಲಿ (2019) 25,000ಕ್ಕೂ ಹೆಚ್ಚು ಹೆಸರುಗಳಿವೆ, ಎಲ್ಲವೂ ಹುತಾತ್ಮರದ್ದು. ಅದು ಹಾಗೇ ಇರಬೇಕಾದ್ದು, ಸರಿ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಮಾತಾಡ್ತೀವಿ. ಆದರೆ ಅವತ್ತು ಕುದುರೆ ಮೇಲಿದ್ದು ಬದುಕಿ ಊರಿಗೆ ಬಂದ ಒಬ್ಬ ಸವಾರನ ಹೆಸರು ಹೇಳಿ ಅಂದರೆ ನಮ್ಮಲ್ಲಿ ಎಷ್ಟು ಜನ ಹೇಳ್ತೀವಿ? ಬಂದವರು ಬಂದರು, ಹೊಲ ಉತ್ತರು, ಹೋದರು. ಕೇಳೋ ಹೊತ್ತಿಗೆ ಯಾರೂ ಕೇಳಲಿಲ್ಲ.

ಅಮೆರಿಕದಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. 2000ನೇ ಇಸವಿಯಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್ ಶುರು ಮಾಡಿತು. ಮೊಮ್ಮಗಳೋ ಪಕ್ಕದ ಮನೆ ಹುಡುಗನೋ ಕೂತು ಕನಿಷ್ಠ 30 ನಿಮಿಷ ಮಾತು ರೆಕಾರ್ಡ್ ಮಾಡಿ ಕಳಿಸಿದರೆ ಲೈಬ್ರರಿ ಇಟ್ಟುಕೊಳ್ಳುತ್ತೆ. ಜನರಲ್ ಆಗಿರಬೇಕಿಲ್ಲ, ಅಡುಗೆಯವನಾಗಿದ್ದರೂ ಸರಿ. ಕಚೇರಿಯ ಕಡತವನ್ನೇ ನಂಬಿ ಕೂರೋ ಹಾಗಿಲ್ಲ ಅನ್ನೋದಕ್ಕೂ ಉದಾಹರಣೆ ಅಲ್ಲೇ ಇದೆ: 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಸುಮಾರು 1.6 ಕೋಟಿಯಿಂದ 1.8 ಕೋಟಿ ಸೈನಿಕರ ಕಡತಗಳು ಸುಟ್ಟು ಹೋದವು.

ನಮ್ಮಲ್ಲಿ ಬೆಂಕಿಯೇ ಬೀಳಬೇಕು ಅಂತೇನಿಲ್ಲ. ಪಿಂಚಣಿ ಇಲ್ಲದೆ ಬಿಡುಗಡೆಯಾದ ಸೈನಿಕರ ಕಾಗದಗಳನ್ನು 25 ವರ್ಷದ ನಂತರ ನಾಶಪಡಿಸುವ ಪದ್ಧತಿ ಇದೆ. 1962ರ ಚೀನಾ ಯುದ್ಧವಾದ ಮೇಲೆ ಸೇರಿ, ಏಳೆಂಟು ವರ್ಷ ಇದ್ದು ವಾಪಸ್ ಬಂದವರನ್ನು ನೆನೆಸಿಕೊಳ್ಳಿ. ಅವರ ಸೇವೆಗೆ ಉಳಿದಿರೋ ಸಾಕ್ಷಿ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಇರೋದಷ್ಟೇ, ಮತ್ತು ಅವರ ತಲೆಯಲ್ಲಿರೋದು. 1971ರಲ್ಲಿ 20 ವರ್ಷದವರಿದ್ದವರಿಗೆ ಈಗ 75ರ ಆಸುಪಾಸು. ಸೆಮಿಸ್ಟರ್ ಮುಗಿಸಿ ನೋಡೋಣ ಅನ್ನೋ ವಿಷಯ ಅಲ್ಲ ಇದು.

ಈಗ ಲೆಕ್ಕಕ್ಕೆ ಬರೋಣ. ಗಣಿತದ ಪುಸ್ತಕದಲ್ಲಿ ‘ಇಟ್ಟುಕೊಳ್ಳೋಣ’ ಅಂತಾರಲ್ಲ, ಹಾಗೆ: ಉಮ್ಮತ್ತೂರಿನ ಒಬ್ಬ ತಾತ, 1963ರಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿದವರು, 1970ರಲ್ಲಿ ಊರಿಗೆ ಬಂದವರು ಅಂತ ಇಟ್ಟುಕೊಳ್ಳೋಣ. ಸೇತುವೆ ಕಟ್ಟೋದು, ನೆಲಬಾಂಬು ತೆಗೆಯೋದು ಅವರ ಕೆಲಸ. (ನಮ್ಮ ಸಿವಿಲ್ ಬ್ರಾಂಚಿನವರು ಇಲ್ಲಿ ಸ್ವಲ್ಪ ಎದೆ ಉಬ್ಬಿಸಬಹುದು.)

ಮೊದಲು ಟ್ರಂಕು, ಆಮೇಲೆ ಮಾತು. ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ ಸಿಕ್ಕರೆ ಅರ್ಧ ಕೆಲಸ ಮುಗೀತು: ಸೈನಿಕ ಸಂಖ್ಯೆ, ಸೇರಿದ ದಿನ, ಬಿಟ್ಟ ದಿನ, ದರ್ಜೆ, ಪದಕಗಳು ಎಲ್ಲ ಅದರಲ್ಲಿರುತ್ತೆ. ಸಿಗದಿದ್ದರೆ ಪದಕ ಹುಡುಕಿ. ಮಕ್ಕಳು ಆಟಕ್ಕೆ ತಗೊಂಡು ರಿಬ್ಬನ್ ಕಳೆದಿದ್ದರೂ ಪರವಾಗಿಲ್ಲ, ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನಮ್ಮ ಸೇನೆಯ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸಂಖ್ಯೆ, ದರ್ಜೆ, ಹೆಸರು, ದಳ ಕೊರೆದಿರುತ್ತಾರೆ. ದರ್ಜೆಯ ಮೂರು ಅಕ್ಷರದಿಂದಲೇ ಕೆಲಸದ ಸುಳಿವು ಸಿಗುತ್ತೆ. ಒಂದೇ ಕೆಳದರ್ಜೆಯವರನ್ನು ಕಾಲ್ದಳದಲ್ಲಿ ಸಿಪಾಯಿ ಅಂತಾರೆ, ಎಂಜಿನಿಯರ್ಸ್‌ನಲ್ಲಿ ಸ್ಯಾಪರ್, ಫಿರಂಗಿದಳದಲ್ಲಿ ಗನ್ನರ್, ವಾಹನ-ಯಂತ್ರ ರಿಪೇರಿ ಮಾಡುವ ಇಎಂಇಯಲ್ಲಿ ಕ್ರಾಫ್ಟ್ಸ್‌ಮನ್. ‘ಎಸ್‌ಪಿಆರ್’ ಅಂತ ಇದ್ದರೆ ಸ್ಯಾಪರ್, ‘ಸಿಎಫ್‌ಎನ್’ ಅಂದರೆ ಕ್ರಾಫ್ಟ್ಸ್‌ಮನ್.

ಪದಕ ಯಾವುದು ಅನ್ನೋದೂ ಒಂದು ಮಾಹಿತಿಯೇ. 1965ರ ಯುದ್ಧಕ್ಕೆ ಎರಡು ಬಗೆ ಇವೆ. ರಕ್ಷಾ ಪದಕ ಆ ಹೊತ್ತಿನಲ್ಲಿ ಸೇವೆಯಲ್ಲಿದ್ದವರಿಗೆ ವ್ಯಾಪಕವಾಗಿ ಕೊಟ್ಟದ್ದು. ಸಮರ ಸೇವಾ ಸ್ಟಾರ್ ಯುದ್ಧವಲಯದಲ್ಲಿ ಇದ್ದವರಿಗೆ. 1971ಕ್ಕೂ ಹೀಗೇ: ಸಂಗ್ರಾಮ ಪದಕ ಎಲ್ಲರಿಗೂ ಹತ್ತಿರ ಹತ್ತಿರ ಬಂದದ್ದು, ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಇದ್ದರೆ ಯಾವ ಗಡಿ ಅಂತ ಗೊತ್ತಾಯ್ತು. ವಿದೇಶ ಸೇವಾ ಪದಕದ ಪಟ್ಟಿಯಲ್ಲಿ ಶ್ರೀಲಂಕಾ ಅಂತ ಇದ್ದರೆ 1987ರಿಂದ 90ರ ಶಾಂತಿಪಾಲನಾ ಪಡೆಯಲ್ಲಿದ್ದವರು ಇರಬಹುದು. ಹಳೇ ಪತ್ರಗಳಿದ್ದರೆ ಅವನ್ನೂ ಎತ್ತಿಡಿ. ವಿಳಾಸದಲ್ಲಿ 56 ಎಪಿಒ ಅಥವಾ 99 ಎಪಿಒ ಅಂತಷ್ಟೇ ಇದ್ದು ಊರಿನ ಹೆಸರು ಇರಲ್ಲ. ಅದು ಬೇಕಂತಲೇ ಮಾಡಿದ ವ್ಯವಸ್ಥೆ. ಆದರೆ ಅಂಚೆ ಮುದ್ರೆಯ ತಾರೀಖು ಬಹಳ ಉಪಯೋಗಕ್ಕೆ ಬರುತ್ತೆ.

ಕಾಗದದಲ್ಲಿ ಎಡವೋದು ಹೆಸರಿನ ಹತ್ತಿರ. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲಿನ ಯಾವ ಕಾಗದದಲ್ಲೂ ಉಮ್ಮತ್ತೂರಿನವರ ಜಿಲ್ಲೆ ಮೈಸೂರು. ಕೊಳ್ಳೇಗಾಲದವರದ್ದು ಇನ್ನೂ ಬೇರೆ: 1956ಕ್ಕೆ ಮೊದಲು ಅದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಹಾಗಾಗಿ ಎರಡನೇ ಮಹಾಯುದ್ಧದ ಕಾಲಕ್ಕೆ ಸೇರಿದ ಕೊಳ್ಳೇಗಾಲದ ಕನ್ನಡಿಗ ಕಡತದಲ್ಲಿ ಮದ್ರಾಸಿನವನು. ಮೈಸೂರು ಅಂತ ಹುಡುಕುತ್ತಾ ಹೋದರೆ ಸಿಗೋದೇ ಇಲ್ಲ. ಇಂಗ್ಲಿಷಿನಲ್ಲಿ ಉಮ್ಮತ್ತೂರಿಗೆ ಮೂರ್ನಾಲ್ಕು ಸ್ಪೆಲಿಂಗ್. ಇನ್ನು ನಮ್ಮ ಇನಿಷಿಯಲ್ಲುಗಳು! ಊರಿನಲ್ಲಿ ಮುಂದೆ ಬರೋ ಅಪ್ಪನ ಹೆಸರು ಸೇನೆಯ ಪುಸ್ತಕದಲ್ಲಿ ಹಿಂದೆ ಹೋಗಿರುತ್ತೆ. ಹುಟ್ಟಿದ ದಿನಾಂಕ ಗೊತ್ತಿಲ್ಲದೆ ಅಂದಾಜಿನಲ್ಲಿ ಬರೆಸಿದವರೂ ಬೇಕಾದಷ್ಟು ಜನ.

ಇದು ಬರೀ ಇತಿಹಾಸದ ಕುತೂಹಲ ಅಂದುಕೊಳ್ಳಬೇಡಿ. ಪಿಂಚಣಿ ಇರುವ ಸೈನಿಕರು ತೀರಿಕೊಂಡಾಗ ಹೆಂಡತಿಗೆ ಕುಟುಂಬ ಪಿಂಚಣಿ ಬರಬೇಕಾದರೆ ರೆಕಾರ್ಡ್ ಆಫೀಸಿನಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ತಾಳೆಯಾಗಬೇಕು. ಸೇನೆಯ ಪುಸ್ತಕದಲ್ಲಿ ಹೆಂಡತಿ ಹೆಸರು ‘ಸಣ್ಣಮ್ಮ’, ಆಧಾರ್‌ನಲ್ಲಿ ‘ಚಿಕ್ಕಮ್ಮ’ ಅಂತಿದ್ದರೆ ಅಲೆದಾಟ ಶುರು. ಗಂಡ ಬದುಕಿರುವಾಗಲೇ ಅವರೇ ಅರ್ಜಿ ಕೊಟ್ಟು ತಿದ್ದಿಸಿದರೆ ಎಷ್ಟೋ ಸುಲಭ. ಆದ್ದರಿಂದ ದಾಖಲೆ ಮಾಡೋಕೆ ಹೋದ ದಿನವೇ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಂಡರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗೋಕೆ ಜೊತೆಯಾಗಿ. ನೆತ್ತರುಗೊಡಗೆಯ ಕಾಲದಲ್ಲಿ ಕಲ್ಲಿಗೆ ಕೆತ್ತಿಸುತ್ತಿದ್ದರು, ಈಗ ಫಾರಂ ತುಂಬಿಸಬೇಕು.

ಇನ್ನು ಮಾತು. ‘ತಾತ, ಯುದ್ಧ ಹೇಗಿತ್ತು?’ ಅಂತ ಶುರು ಮಾಡಿದರೆ ಕೆಟ್ಟಿತು. ‘ಏನ್ ಕೂಸು, ಅದೆಲ್ಲ ಈಗ್ಯಾಕ ಬುಡು’ ಅಂತಾರೆ, ಇಲ್ಲವೇ ಟಿವಿಯಲ್ಲಿ ಕೇಳಿದ್ದನ್ನೇ ನಮಗೆ ಹೇಳ್ತಾರೆ. ಚಿಕ್ಕ, ಗಟ್ಟಿ ಪ್ರಶ್ನೆ ಕೇಳಬೇಕು. ಭರ್ತಿಗೆ ಮನೆಯಿಂದ ಹೊರಟ ದಿನ ಜೊತೆಗೆ ಯಾರಿದ್ದರು? ಎದೆ ಅಳತೆ ಮಾಡಿದವರು ಯಾವ ಭಾಷೆ ಮಾತಾಡಿದರು? ಹಿಂದಿ ಕಲಿತದ್ದು ಹೇಗೆ? ಮೊದಲನೇ ಸಂಬಳ ಎಷ್ಟು, ಮನಿ ಆರ್ಡರ್ ಎಷ್ಟು ಕಳಿಸಿದ್ರಿ? ಲಂಗರಿನಲ್ಲಿ ರೊಟ್ಟಿ ತಿಂದು ತಿಂದು ರಾಗಿಮುದ್ದೆ ನೆನಪಾಗ್ತಿರಲಿಲ್ವಾ? ಮುದ್ದೆಯ ಪ್ರಶ್ನೆಗೆ ಉತ್ತರ ಬರದೇ ಇರಲ್ಲ. ಅಲ್ಲಿಂದ ಪಕ್ಕದಲ್ಲಿ ಕೂತು ತಿನ್ನುತ್ತಿದ್ದ ಗೆಳೆಯ ಬರ್ತಾನೆ, ಆ ಗೆಳೆಯ ಏನಾದ ಅನ್ನೋದೂ ಬರಬಹುದು. ಅಲ್ಲಿಗೆ ಬಂದು ತಾತ ಸುಮ್ಮನಾದರೆ ನೀವೂ ಸುಮ್ಮನಿರಿ. ರೆಕಾರ್ಡರ್ ಆಫ್ ಮಾಡು ಅಂದರೆ ಮಾಡಿ.

ಅಜ್ಜಿಯನ್ನೂ ಕೇಳಿ, ಆದರೆ ಬೇರೆ ಹೊತ್ತಿನಲ್ಲಿ. ಅವರಿಬ್ಬರೂ ಒಟ್ಟಿಗೆ ಕೂತರೆ ಅಜ್ಜಿ ‘ನಂಗೇನ್ ಗೊತ್ತು, ಅವರನ್ನೇ ಕೇಳು’ ಅಂತಾರೆ. ಒಬ್ಬರೇ ಇದ್ದಾಗ ಮಳೆ ಬಾರದ ವರ್ಷ ಯಾವುದು, ಕಾಗದ ಬಾರದ ತಿಂಗಳು ಯಾವುದು ಅಂತ ತಿಂಗಳು ಸಮೇತ ಹೇಳ್ತಾರೆ. ನಮ್ಮ ಅಭಿಪ್ರಾಯದಲ್ಲಿ ಸೈನಿಕನ ಸೇವೆಯಲ್ಲಿ ಮನೆ ನಡೆಸಿದವರ ಪಾಲನ್ನೂ ಅದೇ ದಾಖಲೆಯಲ್ಲಿ ಸೇರಿಸಬೇಕು. ವೀರಗಲ್ಲಿಗಿಂತ ನಾವು ಇಷ್ಟಾದರೂ ಮುಂದೆ ಹೋಗೋಣ.

ನೆನಪಿನ ಇಸವಿ ಜಾರುತ್ತೆ. ಅದನ್ನು ತಪ್ಪು ಅಂತ ಅವರ ಮುಖಕ್ಕೇ ಹೇಳಬೇಡಿ. 1962ರ ಯುದ್ಧ ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ, 1965ರಲ್ಲಿ ಕದನವಿರಾಮ ಸೆಪ್ಟೆಂಬರ್ 23ಕ್ಕೆ, 1971ರದ್ದು ಡಿಸೆಂಬರ್ 3ರಿಂದ 16. ಈ ಮೂರು ಗೂಟ ನೆಟ್ಟುಕೊಂಡು, ಹಬ್ಬ, ಕೊಯ್ಲು, ಮಗು ಹುಟ್ಟಿದ್ದು ಇವುಗಳ ಜೊತೆ ಜೋಡಿಸುತ್ತಾ ಹೋದರೆ ಹೆಚ್ಚುಕಡಿಮೆ ಸರಿಯಾದ ತಿಂಗಳಿಗೆ ಬಂದು ನಿಲ್ಲಬಹುದು. ಬರೆಯುವಾಗ ಪ್ರತಿ ಸಂಗತಿಯ ಪಕ್ಕ ಅದು ಎಲ್ಲಿಂದ ಬಂತು ಅಂತ ಗುರುತು ಹಾಕಿ: ಕಾಗದದಿಂದ, ಅವರ ಬಾಯಿಂದ, ಮನೆಯವರಿಂದ. ಡೇಟಾಬೇಸ್ ಕಲಿತಿರೋ ನಮಗೆ ಈ ಒಂದು ಕಾಲಂ ದೊಡ್ಡ ವಿಷಯ ಅಲ್ಲ, ಆದರೆ ಎಲ್ಲರೂ ಬಿಟ್ಟುಬಿಡೋದು ಇದನ್ನೇ.

ಮಾತನ್ನು ಬರಹಕ್ಕೆ ಇಳಿಸುವಾಗ ಪುಸ್ತಕದ ಕನ್ನಡ ಮಾಡಬೇಡಿ. ‘ನಮ್ಮ ಆಫೀಸರು ಬಂದ್ರ, ಎಲ್ಲಾ ಎದ್ದು ನಿಂತ್ಕೊಂಡೊ’ ಅಂದಿದ್ದನ್ನು ‘ಅಧಿಕಾರಿಗಳು ಆಗಮಿಸಿದಾಗ ನಾವೆಲ್ಲರೂ ಎದ್ದು ನಿಂತೆವು’ ಅಂತ ಬರೆದರೆ ಚಾಮರಾಜನಗರದ ತಾತ ಮಾಯ, ಆಕಾಶವಾಣಿ ವಾರ್ತೆ ಹಾಜರ್. ಪಲಟನ್, ಲಂಗರ್, ಡ್ಯೂಟಿ, ಲೀವು, ಇವೆಲ್ಲ ಅವರು ಹೇಳಿದ ಹಾಗೇ ಇರಲಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ನುಡಿಯ ಹಳೇ ಫಾಂಟಿನಲ್ಲಿ ಮಾಡಿದರೆ ನಾಳೆ ಹುಡುಕಿದರೂ ಸಿಗಲ್ಲ.

ರೆಕಾರ್ಡಿಂಗಿಗೆ ಫೋನು ಸಾಕು. ಫ್ಯಾನ್ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಶುರುವಿನಲ್ಲೇ ದಿನಾಂಕ, ಊರು, ಯಾರು ಮಾತಾಡ್ತಿದ್ದಾರೆ ಅಂತ ಬಾಯಲ್ಲಿ ಹೇಳಿ. ಒಪ್ಪಿಗೆಯೂ ಆ ದನಿಯಲ್ಲೇ ದಾಖಲಾಗಲಿ. ಫೈಲಿಗೆ ‘ನ್ಯೂ ರೆಕಾರ್ಡಿಂಗ್ 7’ ಅಂತ ಬಿಡಬೇಡಿ. ಊರು, ಇಸವಿ, ದಳ ಇರಲಿ. ಸೈನಿಕ ಸಂಖ್ಯೆ, ಪಿಂಚಣಿ ಆದೇಶದ ಸಂಖ್ಯೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವುಗಳ ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗಲೇಬಾರದು. ಪಿಂಚಣಿದಾರರಿಗೆ ಮೋಸದ ಫೋನು ಬರೋದು ಇಂಥ ವಿವರ ಹೊರಗೆ ಹೋದಾಗಲೇ. ಅವನ್ನೆಲ್ಲ ಒಂದು ಲಕೋಟೆಯಲ್ಲಿ ಮನೆಯವರಿಗೇ ಕೊಡಿ. ಧ್ವನಿಯ ಒಂದು ಪ್ರತಿ ಮನೆಯಲ್ಲಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ನಿಮ್ಮ ಹತ್ತಿರ, ಒಪ್ಪಿದರೆ ಮೂರನೆಯದು ಊರಿನ ಶಾಲೆಯಲ್ಲೋ ಲೈಬ್ರರಿಯಲ್ಲೋ. ಬರಹವನ್ನು ಮಾತ್ರ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ತಾತನ ಕೈಗೆ ಕೊಡಿ. ಕನ್ನಡಕ ಹಾಕ್ಕೊಂಡು ಓದಿ, ಪೆನ್ನು ಕೇಳಿ, ಗೆಳೆಯನ ಊರಿನ ಹೆಸರು ತಿದ್ದಿ ವಾಪಸ್ ಕೊಡ್ತಾರೆ. ಆ ತಿದ್ದಿದ ಪ್ರತಿಯನ್ನೇ ಸ್ಕ್ಯಾನ್ ಮಾಡಿ ಇಡಿ.