ಮೇದೋಜೀರಕದ ಕ್ಯಾನ್ಸರ್ ಹೇಗೆ ಬೆಳೆಯುತ್ತದೆ?



ಜಠರದ ಹಿಂದೆ, ಬೆನ್ನಿನ ಕಡೆ, ಗೇಣಿಗಿಂತ ಚಿಕ್ಕದಾದ ಒಂದು ಗ್ರಂಥಿ ಇದೆ. ಅದೇ ಮೇದೋಜೀರಕ. ನಾವು ಉಂಡ ರೊಟ್ಟಿ ಅರಗಿಸುವ ರಸ, ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಎರಡೂ ಇಲ್ಲೇ ಹುಟ್ಟುತ್ತವೆ.

ಇಲ್ಲಿ ಕ್ಯಾನ್ಸರ್ ಶುರುವಾದರೆ ಬಹಳ ದಿನ ಗೊತ್ತೇ ಆಗೋದಿಲ್ಲ. ಜೀವಕೋಶದಲ್ಲಿ ‘ಬೆಳೆ’ ಎಂದು ಹೇಳುವ ಕೆ-ರಾಸ್ ಎಂಬ ಜೀನು ಇದೆ. ಸ್ವಿಚ್ ಇದ್ದ ಹಾಗೆ. ಹತ್ತರಲ್ಲಿ ಒಂಬತ್ತು ರೋಗಿಗಳ ಗಡ್ಡೆಯಲ್ಲಿ ಈ ಸ್ವಿಚ್ ಕೆಟ್ಟು, ಆರದೆ ಉಳಿದಿರುತ್ತದೆ. ಗಡ್ಡೆ ತನ್ನ ಸುತ್ತ ಗಟ್ಟಿ ನಾರಿನ ಬೇಲಿ ಕಟ್ಟಿಕೊಳ್ಳುತ್ತದೆ, ಔಷಧಿ ಒಳಗೆ ಹೋಗೋದೇ ಕಷ್ಟ. ಮುಂದೆ ರಕ್ತದ ಮೂಲಕ ಯಕೃತ್ತಿಗೆ ಹರಡುತ್ತದೆ.

ಇದೆಲ್ಲ ನಾಲ್ಕು ದಿನದ ಮಾತಲ್ಲ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಗಡ್ಡೆಗಳ ಜೀನು ಓದಿ ಲೆಕ್ಕ ಹಾಕಿದರು: ಮೊದಲ ಕೋಶ ಕೆಟ್ಟಂದಿನಿಂದ ಕ್ಯಾನ್ಸರ್ ಆಗಲು ಹತ್ತು ವರ್ಷಕ್ಕೂ ಹೆಚ್ಚು, ಹರಡುವ ಶಕ್ತಿ ಬರಲು ಮತ್ತೆ ಐದಾರು ವರ್ಷ. ಸಮಯ ಇದೆ, ಆದರೆ ಎಲ್ಲರಿಗೂ ಮಾಡುವಂಥ ಸುಲಭ ಪರೀಕ್ಷೆ ಇನ್ನೂ ಇಲ್ಲ. ಅದಕ್ಕಾಗಿಯೇ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಶೋಧಕರು ಹೊರದೇಶದವರ ಜೊತೆಗೂಡಿ, ಈ ಗಡ್ಡೆಯಲ್ಲಿ ಅತಿಯಾಗಿ ಕೆಲಸ ಮಾಡುವ 2,500ಕ್ಕೂ ಹೆಚ್ಚು ಜೀನುಗಳ ಪಟ್ಟಿಯನ್ನು 2009ರಲ್ಲಿ ಪ್ರಕಟಿಸಿದರು.

ಬೀಡಿ, ಸಿಗರೇಟು ಈ ರೋಗಕ್ಕೆ ದಾರಿ. ನೋವಿಲ್ಲದ ಕಾಮಣಿ, ಕಾರಣವಿಲ್ಲದೆ ತೂಕ ಇಳಿಯೋದು, ಐವತ್ತು ದಾಟಿದ ಮೇಲೆ ಹೊಸದಾಗಿ ಬಂದ ಶುಗರ್, ಇವು ಸುಳಿವು ಇರಬಹುದು. ಬಹಳ ಸಲ ಕಾರಣ ಬೇರೆಯೇ ಇರುತ್ತದೆ, ಹೆದರಬೇಡಿ. ಆದರೆ ಸೊಪ್ಪಿನ ಔಷಧಿ ಕುಡಿಯುತ್ತ ತಿಂಗಳು ಕಳೆಯಬೇಡಿ. ಔರಾದ್, ಭಾಲ್ಕಿಯವರು ಮೊದಲು ತಾಲೂಕು ಆಸ್ಪತ್ರೆಗೆ ತೋರಿಸಿ, ಅವರು ಹೇಳಿದರೆ ಬೀದರಿನ ಬ್ರಿಮ್ಸ್‌ಗೆ ಹೋಗಿ. ಕ್ಯಾನ್ಸರ್ ಚಿಕಿತ್ಸೆಗೆ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ.