ಪರದೆ ಕಿಟಕಿಯ ಒಳಗೋ, ಹೊರಗೋ?



ಹೋದ ಏಪ್ರಿಲ್‌ನಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡು ದಿನ ಮೊದಲ ಪಿರಿಯಡ್‌ನಲ್ಲೇ ತೂಕಡಿಸಿದ. ನಾನು ಸಿಟ್ಟು ಮಾಡಿದೆ. ಮೂರನೆಯ ದಿನ ಅವನೇ ಬಂದು ಹೇಳಿದ: "ಸರ್, ರಾತ್ರಿ ಹನ್ನೊಂದರ ತನಕ ಝಳ ಇಳಿಯೂದಿಲ್ರಿ, ನಿದ್ದಿ ಬರೂದಿಲ್ಲ. ಹೊಸ ಖೋಲಿ ಕಟ್ಟಸೇವಿ. ಪಶ್ಚಿಮಕ್ಕ ದೊಡ್ಡ ಗಾಜಿನ ಕಿಡಕಿ ಐತಿ. ದಪ್ಪನ ಪಡದಾ ಹಾಕಿದ್ರೂ ಕಡಿಮಿ ಆಗವಲ್ದು. ಅಪ್ಪ ಸಾಲ ಮಾಡಿ ಕೂಲರ್ ತರ್ತೀನಿ ಅಂತಾನ."

ನನಗೆ ಸ್ವಲ್ಪ ನಾಚಿಕೆ ಆಯಿತು. ಯಾಕಂದ್ರೆ ನನ್ನ ಬಾಡಿಗೆ ಮನೆಯಲ್ಲೂ ನಾನು ಅದನ್ನೇ ಮಾಡಿದ್ದೆ: ಕಡುನೀಲಿ ಬಣ್ಣದ ದಪ್ಪ ಪರದೆ ತಂದು ಪಶ್ಚಿಮದ ಕಿಟಕಿಗೆ ಹಾಕಿ, ಬಿಸಿಲನ್ನು ಗೆದ್ದೆ ಅಂದುಕೊಂಡಿದ್ದೆ. ವಿಕಿರಣದ ಪಾಠವನ್ನು ವರ್ಷಾವರ್ಷ ಮಾಡುವವನು ಅದನ್ನು ನನ್ನ ಕಿಟಕಿಗೆ ಹಚ್ಚಿ ನೋಡಿರಲಿಲ್ಲ. ಈಗ ನಾವೆಲ್ಲ ಸೇರಿ ಹಚ್ಚಿ ನೋಡೋಣ.

ಗಾಜು ಮಾಡುವ ಮೋಸ

ಸೂರ್ಯನಿಂದ ಬರುವ ಬೆಳಕು ಮತ್ತು ಕಡಿಮೆ ತರಂಗಾಂತರದ ಅವಕೆಂಪು ಕಿರಣಗಳಲ್ಲಿ ಬಹುಪಾಲು ಗಾಜಿನ ಮೂಲಕ ಸಲೀಸಾಗಿ ಒಳಗೆ ಬರುತ್ತವೆ. ಒಳಗೆ ಬಂದವು ಪರದೆ, ನೆಲ, ಹಾಸಿಗೆಯ ಮೇಲೆ ಬಿದ್ದು ಹೀರಲ್ಪಡುತ್ತವೆ. ಆ ವಸ್ತುಗಳು ಬಿಸಿಯಾಗಿ ತಾವೂ ಕಿರಣ ಸೂಸುತ್ತವೆ. ಆದರೆ ಅವು ಸೂಸುವುದು ಉದ್ದ ತರಂಗಾಂತರದ ಉಷ್ಣಕಿರಣಗಳನ್ನು. ಗಾಜು ಇವುಗಳನ್ನು ನೇರವಾಗಿ ಹೊರಗೆ ಬಿಡುವುದಿಲ್ಲ. ಒಳಗೆ ಬರಲು ಬಾಗಿಲು ತೆರೆದಿತ್ತು, ಹೋಗುವಾಗ ಮುಚ್ಚಿದೆ!

ಈಗ ಆ ದಪ್ಪ ಪರದೆಯನ್ನು ನೋಡಿ. ಅದು ಬೆಳಕನ್ನು ತಡೆಯಿತು, ನಿಜ. ಆದರೆ ಬಿಸಿಲು ಅದನ್ನು ಮುಟ್ಟುವ ಹೊತ್ತಿಗೆ ಗಾಜು ದಾಟಿ ಮನೆಯೊಳಗೆ ಬಂದಾಗಿದೆ. ಕಡುಬಣ್ಣದ ಬಟ್ಟೆ ಬಿಸಿಲನ್ನು ಹೀರಿ ಕಾಯುತ್ತದೆ, ಗಾಜಿಗೂ ಪರದೆಗೂ ನಡುವಿನ ಗಾಳಿಯನ್ನು ಕಾಯಿಸುತ್ತದೆ. ಆ ಬಿಸಿಗಾಳಿ ಮೇಲೆದ್ದು ಕೋಣೆಗೇ ಇಳಿಯುತ್ತದೆ. ಮಧ್ಯಾಹ್ನ ನಾಲ್ಕಕ್ಕೆ ನಿಮ್ಮ ಪರದೆಯನ್ನು ಕೈಯಿಂದ ಮುಟ್ಟಿ ನೋಡ್ರಿ, ಗೊತ್ತಾಗ್ತದೆ.

ಬಿಸಿಲಿಗೆ ನೇರ ಎದುರಾಗಿರುವ 1 ಚದರ ಮೀಟರ್ ಮೇಲ್ಮೈ ಮೇಲೆ ನಿರ್ಮಲ ಆಕಾಶದ ಮಧ್ಯಾಹ್ನ ಸುಮಾರು 1000 ವಾಟ್ ಶಕ್ತಿ ಬೀಳುತ್ತದೆ. ಸಂಜೆಗೆ, ಓರೆಯಾಗಿ ಬಿದ್ದಾಗ ಕಡಿಮೆ. ಆದರೂ ದೊಡ್ಡ ಗಾಜಿನ ಕಿಟಕಿ ಅಂದ್ರೆ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟ ಹಾಗೆ.

ಅದೇ ಬಟ್ಟೆಯನ್ನು ಗಾಜಿನ ಹೊರಗೆ ಇಳಿಬಿಟ್ಟರೆ? ಅದು ಕಾಯುವುದು ಅಷ್ಟೇ, ಆದರೆ ಹೊರಗೆ ಕಾಯುತ್ತದೆ. ಅದರ ಬಿಸಿಯನ್ನು ಹೊರಗಿನ ಗಾಳಿ ಒಯ್ಯುತ್ತದೆ. ಪರದೆ ಎಷ್ಟು ದಪ್ಪ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ. ಒಳಗೇ ಹಾಕಬೇಕಾಗಿ ಬಂದರೆ ಬಿಳಿ ಅಥವಾ ತಿಳಿಬಣ್ಣದ್ದು ಹಾಕಿ. ಅದು ಬೆಳಕಿನ ಒಂದು ಪಾಲನ್ನು ಬೆಳಕಾಗಿಯೇ ಗಾಜಿನ ಹೊರಗೆ ಮರಳಿಸುತ್ತದೆ.

ಸಜ್ಜಾ ಯಾಕೆ ಸಾಲಲಿಲ್ಲ?

"ಕಿಡಕಿ ಮ್ಯಾಲೆ ಎರಡು ಫೂಟಿನ ಸಜ್ಜಾ ಐತಲ್ರಿ ಸರ್" ಎಂದು ಹುಡುಗ ಕೇಳಿದ. ಹತ್ತನೆಯವರು ತ್ರಿಕೋನಮಿತಿ ತೆಗೆಯಿರಿ. ಸಜ್ಜಾದ ನೆರಳು ಕಿಟಕಿಯ ಮೇಲೆ ಎಷ್ಟು ಕೆಳಗೆ ಇಳಿಯುತ್ತದೆ ಎಂದರೆ, ಸಜ್ಜಾದ ಚಾಚು × ಟ್ಯಾನ್ ಸೂರ್ಯನ ಎತ್ತರದ ಕೋನ. ಸೂರ್ಯ ಕಿಟಕಿಗೆ ನೇರ ಎದುರಿದ್ದಾಗ ಈ ಲೆಕ್ಕ ಸರಿ.

ಅಕ್ಕಲಕೋಟೆ ಸುಮಾರು 17.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಾರ್ಚ್ 21ರ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ 72.5 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಯ ಮೇಲೆ 2 ಅಡಿ ಸಜ್ಜಾದ ನೆರಳು 6 ಅಡಿಗೂ ಹೆಚ್ಚು ಇಳಿಯುತ್ತದೆ. 4 ಅಡಿಯ ಕಿಟಕಿ ಪೂರ್ತಿ ನೆರಳಲ್ಲಿ. ಡಿಸೆಂಬರ್ 22ಕ್ಕೆ ಎತ್ತರ 49 ಡಿಗ್ರಿ, ನೆರಳು ಸುಮಾರು 2.3 ಅಡಿ. ಚಳಿಗಾಲದ ಹಿತವಾದ ಬಿಸಿಲು ಕೆಳಗಿನಿಂದ ಒಳಗೆ ಬರುತ್ತದೆ. ಎಷ್ಟು ಚೆಂದ!

ಪಶ್ಚಿಮದ ಕಥೆ ಬೇರೆ. ಮೇ ತಿಂಗಳಲ್ಲಿ ಸಂಜೆ 4.30ರ ಹೊತ್ತಿಗೆ ಸೂರ್ಯ ಸುಮಾರು 30 ಡಿಗ್ರಿಗೆ ಇಳಿದಿರುತ್ತಾನೆ. 2 × 0.577 = 1.15 ಅಡಿ. ಉಳಿದ ಸುಮಾರು 3 ಅಡಿ ಗಾಜು ಬಿಸಿಲಿಗೆ ಬಯಲು. ಆಮೇಲೆ ಇನ್ನೂ ಹೆಚ್ಚು. ಅದಕ್ಕೇ ಪೂರ್ವ, ಪಶ್ಚಿಮದ ಕಿಟಕಿಗೆ ಮೇಲಿನಿಂದ ಚಾಚುವ ನೆರಳಿಗಿಂತ ಮುಂದೆ ಇಳಿಬೀಳುವ ನೆರಳು ಬೇಕು: ಬಿದಿರಿನ ತಟ್ಟಿ, ಚಾಪೆ, ಬಳ್ಳಿ, ಗಿಡ.

ಯಾವ ಕಿಟಕಿ, ಎಷ್ಟು ಗಾಳಿ?

ಪಕ್ಕಕ್ಕೆ ಸರಿಯುವ ಎರಡು ಗಾಜಿನ ಕಿಟಕಿ ಈಗ ಎಲ್ಲೆಡೆ ಬಂದಿದೆ. ಜಾಗ ಉಳಿಯುತ್ತದೆ. ಆದರೆ ಒಂದು ಗಾಜು ಇನ್ನೊಂದರ ಹಿಂದೆ ನಿಲ್ಲುವುದರಿಂದ ಎಷ್ಟು ತೆರೆದರೂ ಗಾಳಿಗೆ ಅರ್ಧವೇ ದಾರಿ. ಬಾಗಿಲಿನಂತೆ ತೆರೆಯುವ ಕದಗಳ ಹಳೆ ಕಿಟಕಿ ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ. ಓರೆ ಪಟ್ಟಿಗಳ ಲೂವರ್ ಕಿಟಕಿ ಸಣ್ಣ ಮಳೆಯಲ್ಲೂ ಗಾಳಿ ಬಿಡುತ್ತದೆ. ಸೊಳ್ಳೆ ಜಾಲರಿ ಬೇಕೇ ಬೇಕು, ಆದರೆ ಅದು ಗಾಳಿಯನ್ನು ಸ್ವಲ್ಪ ತಡೆಯುತ್ತದೆ. ಧೂಳು ಹಿಡಿದರೆ ಇನ್ನೂ ಹೆಚ್ಚು. ಹಬ್ಬಕ್ಕೊಮ್ಮೆಯಾದರೂ ತೊಳೆಯಿರಿ.

ಎಷ್ಟು ದೊಡ್ಡ ಕಿಟಕಿಯಾದರೂ ಒಂದೇ ಇದ್ದರೆ ಗಾಳಿ ಹಾಯುವುದಿಲ್ಲ. ಬರುವುದಕ್ಕೊಂದು, ಹೋಗುವುದಕ್ಕೊಂದು ದಾರಿ ಬೇಕು. ಬಿಸಿಗಾಳಿ ಹಗುರ. ಆದ್ದರಿಂದ ಹೋಗುವ ದಾರಿ ಎತ್ತರದಲ್ಲಿದ್ದರೆ ಒಳ್ಳೇದು. ನಮ್ಮ ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿ ಮಾಡುತ್ತಿದ್ದದ್ದು ಇದೇ ಕೆಲಸ.

ಊರಿಗೊಂದು ಕಿಟಕಿ

ಈ ಪತ್ರಿಕೆ ಕಾಸರಗೋಡಿನಲ್ಲೂ ನೀಲಗಿರಿಯಲ್ಲೂ ಓದುವ ಗೆಳೆಯರಿಗೆ ಒಂದು ಮಾತು. ನಮ್ಮ ಉತ್ತರ ನಿಮಗೆ ಹಾಗೇ ಹೊಂದುವುದಿಲ್ಲ.

ಸೋಲಾಪುರ, ಜತ್ತ ಕಡೆ ಬೇಸಿಗೆಯ ಗಾಳಿ ಒಣ. ಹಗಲು ಕಿಟಕಿ ಮುಚ್ಚಿ, ರಾತ್ರಿ ಹೊರಗೆ ತಂಪಾದ ಮೇಲೆ ತೆರೆಯುವುದು ಜಾಣತನ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ, ಆವಿಯಾಗುವ ಪ್ರತಿ ಗ್ರಾಂ ನೀರು ಸುಮಾರು 2400 ಜೂಲ್ ಶಾಖವನ್ನು ಗಾಳಿಯಿಂದ ಎಳೆದುಕೊಳ್ಳುತ್ತದೆ. ಕಾಸರಗೋಡಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ನೀರು ಬೇಗ ಆವಿಯಾಗದು. ಅಲ್ಲಿ ಮೈಬೆವರು ಆರಿಸುವ ಗಾಳಿಯ ಓಟವೇ ತಂಪು. ಅದಕ್ಕೇ ಅಲ್ಲಿನ ಹಂಚಿನ ಮನೆಗಳಿಗೆ ಅಗಲವಾದ ಇಳಿಮಾಡು, ಮಳೆಯಲ್ಲೂ ತೆರೆದಿಡಬಹುದಾದ ಮರದ ಸರಳಿನ ಕಿಟಕಿ.

ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇದನ್ನೇ ಹೇಳುತ್ತದೆ: ಕಿಟಕಿ, ಗವಾಕ್ಷಿಗಳ ತೆರೆಯುವ ಜಾಗ ನೆಲದ ವಿಸ್ತೀರ್ಣಕ್ಕೆ ಹೋಲಿಸಿದರೆ ಒಣ ಬಿಸಿ ಪ್ರದೇಶದಲ್ಲಿ ಕನಿಷ್ಠ 1/10, ತೇವದ ಬಿಸಿ ಪ್ರದೇಶದಲ್ಲಿ 1/6, ಚಳಿ ಪ್ರದೇಶದಲ್ಲಿ 1/12 ಇರಬೇಕು.

ನೀಲಗಿರಿಯ ಮಕ್ಕಳೇ, ನಿಮಗೆ ಬೇಕಾದದ್ದು ಬೆಚ್ಚಗೆ. ಹಗಲು ಪರದೆ ಸರಿಸಿ ಬಿಸಿಲು ಒಳಗೆ ಬಿಡಿ, ಸಂಜೆ ದಪ್ಪ ಪರದೆ ಎಳೆಯಿರಿ. ಅಲ್ಲಿ ಗಾಜಿನ 'ಮೋಸ' ನಿಮಗೆ ಉಪಕಾರ. ಆದರೆ ಕಿಟಕಿ ಬಾಗಿಲು ಮುಚ್ಚಿ ಇದ್ದಿಲಿನ ಕೆಂಡ ಇಟ್ಟುಕೊಂಡು ಎಂದಿಗೂ ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಈ ಮಾತನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ.

ಮಾಡಿ ನೋಡಿ

ಒಂದೇ ಅಳತೆಯ ಎರಡು ರಟ್ಟಿನ ಡಬ್ಬಿ ತಗೊಳ್ಳಿ. ಎರಡಕ್ಕೂ ಕಿಟಕಿ ಕತ್ತರಿಸಿ ಹಳೆಯ ಫೋಟೊ ಚೌಕಟ್ಟಿನ ಗಾಜು ಅಂಟಿಸಿ. ಅಂಚಿಗೆ ಟೇಪ್ ಹಚ್ಚಿ, ಕೈ ಕೊಯ್ದೀತು. ಪಾಲಿಥೀನ್ ಹಾಳೆ ಬೇಡ, ಅದು ಉಷ್ಣಕಿರಣವನ್ನು ಬಿಟ್ಟುಕೊಡುತ್ತದೆ. ಒಂದೇ ಕಪ್ಪು ಬಟ್ಟೆಯ ಎರಡು ತುಂಡು ಮಾಡಿ. ಒಂದನ್ನು ಮೊದಲ ಡಬ್ಬಿಯ ಗಾಜಿನ ಒಳಗೆ, ಇನ್ನೊಂದನ್ನು ಎರಡನೆಯದರ ಗಾಜಿನ ಹೊರಗೆ, ಎರಡು ಬೆರಳಿನಷ್ಟು ದೂರ ಬಿಟ್ಟು ಕಟ್ಟಿ. ಎರಡರಲ್ಲೂ ಪ್ರಯೋಗಶಾಲೆಯ ತಾಪಮಾಪಕ ಇಡಿ. ಜ್ವರ ನೋಡುವ ತಾಪಮಾಪಕ ಬಳಸಬೇಡಿ, ಒಡೆದೀತು. ಬಿಸಿಲಿಗೆ ಮುಖ ಮಾಡಿಟ್ಟು 5 ನಿಮಿಷಕ್ಕೊಮ್ಮೆ, ಅರ್ಧ ಗಂಟೆ ಬರೆದುಕೊಳ್ಳಿ. ನಕ್ಷೆ ಬಿಡಿಸಿ. ಆಮೇಲೆ ಬಿಳಿ ಬಟ್ಟೆಯಿಂದ ಮತ್ತೆ ಮಾಡಿ.

ಉತ್ತರಿಸಿ

1. ನಿಮ್ಮ ಮಲಗುವ ಕೋಣೆಯ ನೆಲ ಮತ್ತು ಕಿಟಕಿ ತೆರೆಯುವ ಜಾಗ ಅಳೆಯಿರಿ. ನಿಮ್ಮ ಊರಿಗೆ ಹೇಳಿದ ಪ್ರಮಾಣಕ್ಕೆ ಸರಿ ಇದೆಯೇ? ಸರಿಯುವ ಕಿಟಕಿಯಾದರೆ ಅರ್ಧವನ್ನೇ ಹಿಡಿಯಿರಿ.
2. ಊದುಬತ್ತಿಯ ಹೊಗೆ ಹಿಡಿದು, ನಿಮ್ಮ ತರಗತಿಯಲ್ಲಿ ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಎಂದು ಬಾಣ ಹಾಕಿ ತೋರಿಸಿ.
3. ಬಿಸಿಲಿನಲ್ಲಿ ನಿಂತ ಜೀಪಿನ ಗಾಜಿಗೆ ರಟ್ಟನ್ನು ಒಳಗೆ ಇಡುವುದು ಲೇಸೋ, ಹೊರಗೆ ಇಡುವುದೋ? ಕಾರಣ ಕೊಡಿ.

ಆ ಹುಡುಗ ಏನು ಮಾಡಿದ ಅಂತೀರಾ? ಮನೆಯಲ್ಲಿದ್ದ ಹಳೆಯ ಸೋಲಾಪುರ ಚಾದರವನ್ನು ಸಜ್ಜಾದ ಕೆಳಗೆ ತಂತಿಗೆ ಕಟ್ಟಿ ಗಾಜಿನ ಹೊರಗೆ ಇಳಿಬಿಟ್ಟ. ಸಂಜೆ ಅದಕ್ಕೆ ಒಂದು ತಂಬಿಗೆ ನೀರು. ಕತ್ತಲಾದ ಮೇಲೆ ಚಾದರ ಎತ್ತಿ, ಕಿಟಕಿಯನ್ನೂ ಎದುರಿನ ಬಾಗಿಲನ್ನೂ ತೆರೆದ. ಒಂದು ವಾರ ಬಿಟ್ಟು ಬಂದು ಹೇಳಿದ: "ಝಳ ಪೂರಾ ಹೋಗಿಲ್ರಿ ಸರ್, ಮ್ಯಾಲಿನ ಸ್ಲ್ಯಾಬ್ ಕಾಯ್ತೈತಿ. ಆದ್ರ ಒಂಬತ್ತೂವರಿಗೆ ನಿದ್ದಿ ಹತ್ತತೈತಿ. ಅಪ್ಪ ಕೂಲರ್ ಮುಂದಿನ ವರ್ಷ ನೋಡೂಣು ಅಂದಾನ."

ಸ್ಲ್ಯಾಬಿನ ವಿಷಯ ಅವನೇ ಕಂಡುಹಿಡಿದ. ಅದಕ್ಕೇನು ಮಾಡಬಹುದು? ನೀವು ಯೋಚಿಸಿ, ನಿಮ್ಮ ವಿಜ್ಞಾನ ಶಿಕ್ಷಕರೊಡನೆ ಮಾತಾಡಿ. ನನ್ನ ಕಡುನೀಲಿ ಪರದೆ ಈಗ ಕಿಟಕಿಯ ಹೊರಗಿದೆ. ಬಣ್ಣ ಮಾಸುತ್ತಿದೆ, ಕೋಣೆ ತಂಪಾಗಿದೆ.